ಗೋಡೆಯೊಳಗಿನ ದನಿ

ಹುಬ್ಬಳ್ಳಿಯ ಹಳೆಯ ರಂಗಮಂದಿರದ ಗೋಡೆಗಳು ಅಲ್ಲಿ ಹಾಡಿದವರ ದನಿಯನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಮಧ್ಯಂತರದಲ್ಲಿ ಜನ ಚಹಾ ಕುಡಿಯುತ್ತ ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಆದರೆ ಹೊಸ ದನಿಯೊಂದು ಸೇರಿದರೆ ಎಲ್ಲಕ್ಕಿಂತ ಹಳೆಯದು ಅಳಿಸಿಹೋಗುತ್ತಿತ್ತು.

ಕಸ್ತೂರಿ ಮೊದಲ ಸಲ ರಂಗಕ್ಕೇರುವ ದಿನ, ಉಳಿದವುಗಳಲ್ಲಿ ತೀರ ಹಳೆಯ ದನಿ ಅವಳ ಸತ್ತ ಅವ್ವನದಾಗಿತ್ತು. ಅಪ್ಪ ದಿನಾ ಸಂಜೆ ಬಾಲ್ಕನಿಯ ಗೋಡೆಗೆ ಒರಗಿ ಅದನ್ನೇ ಕೇಳುತ್ತಿದ್ದರು.

ಬಣ್ಣ ಹಚ್ಚಿಕೊಂಡೇ ಅವಳು ಮೇಲಕ್ಕೆ ಓಡಿದಳು. "ಅಪ್ಪಾ, ನಾ ಹಾಡೂದಿಲ್ಲ."

"ಹುಚ್ಚಿ! ನಿಮ್ಮವ್ವನೂ ಯಾರದೋ ದನಿ ಅಳಿಸೇ ಹಾಡಿದಾಕಿ. ಹೋಗು, ಜನ ಕಾಯಾಕತ್ತಾರ."

ಅವಳು ಹಾಡಿದಳು. ಚಪ್ಪಾಳೆ ನಿಂತ ಮೇಲೆ ಬಂದು ನೋಡಿದರೆ, ಅಪ್ಪ ಇನ್ನೂ ಗೋಡೆಗೆ ಕಿವಿ ಹಚ್ಚಿ ನಿಂತಿದ್ದರು.

"ನನ್ನ ದನಿ ಬಂತೇನಪ್ಪಾ?"

"ಬಂತವ್ವ. ಭಾಳ ಚಲೋ ಐತಿ," ಎಂದರು ಅಪ್ಪ.

ಮರುದಿನದಿಂದ ಅವರು ರಂಗಮಂದಿರದ ಕಡೆ ಬರಲೇ ಇಲ್ಲ.