ನಡುವೆ ನಿಂತವಳು

ಅವ್ವನ ಎದುರು ಕೂತು, ನೆನೆದ ಅವರೆಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದೆ. ನಾನು ಮಾತಾಡಿದರೂ ಅವ್ವನಿಗೆ ಕೇಳಿಸುವುದಿಲ್ಲ.

ಜಗಳ ತೀರಿಸಿದವರ ಮಾತು ಜಗಳವಾಡಿದ ಇಬ್ಬರಿಗೂ ಆಮೇಲೆ ಕೇಳಿಸುವುದಿಲ್ಲ. ಬರೆದುಕೊಟ್ಟರೂ ಅವರ ಕಣ್ಣಿಗೆ ಖಾಲಿ ಹಾಳೆ, ಬೇರೆಯವರ ಬಾಯಲ್ಲಿ ಹೇಳಿಸಿದರೂ ಅಷ್ಟೇ. ಎಲ್ಲ ಊರಲ್ಲೂ ಹೀಗೆಯೇ. ಅದಕ್ಕೇ ಜನ ಪರವೂರಿನವರನ್ನು ಕರೆಸುತ್ತಾರೆ. ಆದರೆ ಮನೆ ಮಾರುವ ವಿಷಯಕ್ಕೆ ಅವ್ವ, ಅಣ್ಣ ಹಠಕ್ಕೆ ಬಿದ್ದಾಗ ಸೋದರಮಾವ ನನ್ನನ್ನೇ ತೋರಿಸಿದ.

"ಮಧ್ಯಸ್ಥ ಅನ್ನೋದು ಸಂಸ್ಕೃತದ ಮಾತು ಕಣವ್ವ. ಮಧ್ಯ ಅಂದ್ರೆ ನಡು, ಸ್ಥ ಅಂದ್ರೆ ಅಲ್ಲಿ ನಿಂತಿರೋರು. ನಡುವೆ ನಿಂತ್ಕೊಳ್ಳೋದು, ಅಷ್ಟೇಯ. ನೀನು ಹೆಂಗೂ ಬಾಯಿ ಬಿಡೋಳಲ್ಲ, ಕಳ್ಕೊಳ್ಳೋದೇನೈತೆ?"

ಅವ್ವನೂ ಅಣ್ಣನೂ ನಕ್ಕರು. ಅವರು ಒಟ್ಟಿಗೆ ನಕ್ಕು ಎಷ್ಟೋ ಕಾಲವಾಗಿತ್ತು. ಮನೆ ಮಾರುವುದು ಬೇಡ ಎಂದೆ. ಅವರು ಕೇಳಿದ ನನ್ನ ಕೊನೆಯ ಮಾತು ಅದೇ.

ಈಗ ಇಬ್ಬರಲ್ಲೂ ಭಾರಿ ಹೊಂದಾಣಿಕೆ. ಅಣ್ಣ ಒಳಗೆ ಬಂದು ಮಣೆ ಎಳೆದುಕೊಂಡು ಕೂತ.

"ಅವ್ವ, ಹಿಟ್ಟಿನ ಗಿರಣಿ ಚೌಡಯ್ಯ ಒಪ್ಪವ್ನೆ. ಮೊದಲ ಹೆಂಡ್ತಿ ಒಡವೆನೆಲ್ಲ ಇವಳಿಗೇ ಹಾಕ್ತಾನಂತೆ. ನಾಳೆ ತಾಂಬೂಲ ಬದಲಾಯಿಸ್ಕೊಳ್ಳಾನ."

"ಅವ್ನಿಗೆ ನನ್ನಷ್ಟು ವಯಸ್ಸಾಯ್ತಲ್ಲೋ. ಇವಳನ್ನೊಂದು ಮಾತು ಕೇಳಬೇಕಿತ್ತು."

"ಕೇಳಿ ಏನ್ ಮಾಡಾನ? ಅವಳು ಹೇಳಿದ್ದು ನಮ್ಗೆ ತಿಳೀತದಾ?"

ನಾನು ಜೋರಾಗಿ ತಲೆ ಅಲ್ಲಾಡಿಸಿದೆ.

"ನೋಡವ್ವ, ಹೆಂಗೆ ನಾಚ್ಕೊತಾವ್ಳೆ!" ಎಂದ ಅಣ್ಣ. ಅವ್ವನ ಮುಖ ಅರಳಿತು.

ನಾನು ಅವಳ ಕೈ ಹಿಡಿದುಕೊಂಡೆ.

"ಅವ್ವ, ಈ ಮದ್ವೆ ನಂಗೆ ಬೇಡ. ನಿಲ್ಲಿಸವ್ವ."