ಸೊಸೆಯ ಮುಡಿಪು

ದೇವರ ಗೂಡು ಒರೆಸುತ್ತಿದ್ದ ಅತ್ತೆಯ ಕೈಗೆ ಹಳದಿ ಬಟ್ಟೆಯ ಮುಡಿಪು ಸಿಕ್ಕಿತು. ಸೊಸೆ ಸುಗುಣ ಒಲೆಯ ಮುಂದಿನಿಂದ ಎದ್ದು ಓಡಿಬಂದಳು. ಗಂಡ ಸರ್ಕಾರಿ ನೌಕರಿ ಬಿಟ್ಟು ಬೇಕರಿ ತೆರೆದ ವಾರವೇ ಅವಳು ಅದನ್ನು ಕಟ್ಟಿಟ್ಟಿದ್ದಳು.

"ಬೇಕರಿಗೆ ಅಂತ ಹರಕೆ ಹೊತ್ಯೇನೇ? ದೇವರು ಕಣ್ಣು ಬಿಟ್ಟ ನೋಡು, ವ್ಯಾಪಾರ ಕುದುರಿದೆ. ಈ ಶನಿವಾರವೇ ತೀರಿಸಿಬಿಡೋಣ."

"ಬೇಡ ಅತ್ತೆ."

"ಯಾಕೇ?"

ಹಿಟ್ಟು ನಾದಿ ನಾದಿ ಊದಿಕೊಂಡ ಗಂಡನ ಕೈಗಳು ಅವಳ ಕಣ್ಮುಂದೆ ಬಂದವು.

"ಬೇಕರಿ ಮುಚ್ಚಿಹೋಗ್ಲಿ, ಅವರು ಮತ್ತೆ ನೌಕರಿ ಹಿಡೀಲಿ ಅಂತ ಕಟ್ಟಿದ್ದೆ. ತಪ್ಪಾಯ್ತು ಅತ್ತೆ."

ಅತ್ತೆ ಬಯ್ಯಲಿಲ್ಲ. ಗಂಟು ಬಿಚ್ಚಿ, ಒಳಗಿದ್ದ ನಾಣ್ಯವನ್ನು ಸೊಸೆಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ನಿಮ್ಮ ಮಾವ ಮೇಷ್ಟ್ರ ಕೆಲಸ ಬಿಟ್ಟು ಪ್ರಿಂಟಿಂಗ್ ಪ್ರೆಸ್ ಇಟ್ಟಾಗ ನಾನೂ ಹೀಗೇ ಕಟ್ಟಿದ್ದೆ ಕಣೇ. ನಂದು ಈಡೇರಿತು."