ಗಂಡು ಹೂ

"ಈ ಬಳ್ಳೀನ ಕಿತ್ತು ಬಿಸಾಕಿ ಅಕ್ಕ," ಎನ್ನುತ್ತ ಪಕ್ಕದ ಮನೆಯಾಕೆ ಹಿತ್ತಿಲಿನ ಕುಂಬಳದ ಬುಡಕ್ಕೆ ಕೈ ಹಾಕಿಯೇಬಿಟ್ಟಳು. "ಚಳಿ ಶುರುವಾದಾಗಿನಿಂದ ಬರೀ ಹೂವೇ ಆಯ್ತು, ಒಂದು ಕಾಯಾದ್ರೂ ನಿಲ್ತಾ? ಕೆಲವು ಹಾಗೇ, ನೋಡೋಕಷ್ಟೇ ಚೆಂದ." ಕೊನೆಯ ಮಾತಿಗೆ ಅವಳ ಕಣ್ಣು ಬಳ್ಳಿಯ ಮೇಲಿರಲಿಲ್ಲ.

ಪೈಪು ಹಿಡಿದು ನಿಂತಿದ್ದ ಸೊಸೆ ಹೆದರಿ, ಬಳ್ಳಿಯ ಪಕ್ಕ ನಿಂತಿದ್ದ ಅತ್ತೆಯತ್ತ ನೋಡಿದಳು. ಇಂಥ ಮಾತು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು, ಹೆದರಿಕೆ ಅದಕ್ಕಲ್ಲ. ಕೊರತೆ ಇರುವುದು ಗಂಡನಲ್ಲಿ ಎಂದು ನಿನ್ನೆ ಡಾಕ್ಟರು ಹೇಳಿದ್ದರು. "ಅಮ್ಮನಿಗೆ ಮಾತ್ರ ಹೇಳಬೇಡ," ಎಂದು ಅವನು ಕೈ ಹಿಡಿದು ಬೇಡಿಕೊಂಡಿದ್ದ. ಅತ್ತೆ ಬೈದವರಲ್ಲ ನಿಜ, ಆದರೆ ಒಂದು ದಿನವೂ ಅವಳ ಪರ ಮಾತಾಡಿದವರಲ್ಲ. ಈಗ ಅವರೂ ಹೂಂಗುಟ್ಟಿದರೆ, ಗಂಟಲಲ್ಲಿ ತಡೆದಿಟ್ಟದ್ದು ಎಲ್ಲಿ ಬಾಯಿಗೆ ಬಂದುಬಿಡುತ್ತದೋ! ಪೈಪಿನ ನೀರು ತನ್ನ ಕಾಲ ಮೇಲೇ ಸುರಿಯುತ್ತಿರುವುದು ಅವಳಿಗೆ ತಿಳಿಯಲಿಲ್ಲ.

ಅತ್ತೆ ಕುಕ್ಕರುಗಾಲಲ್ಲಿ ಕೂತು, ಅರಳಿದ ಹಳದಿ ಹೂಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಎಲ್ಲದರ ಹಿಂದೆಯೂ ಗೋಲಿಯಷ್ಟು ಹೀಚು.

"ಮೊದ್ಲು ಕೈ ತೆಗಿಯೇ," ಎಂದರು ನೆರೆಯವಳಿಗೆ. "ಹಿಂದೆ ಹೀಚಿದೆ ನೋಡು, ಇವೆಲ್ಲ ಹೆಣ್ಣು ಹೂ. ಬಳ್ಳೀದೇನೂ ತಪ್ಪಿಲ್ಲ. ಈ ಚಳಿಗೆ ಗಂಡು ಹೂವೇ ಬಿಟ್ಟಿಲ್ಲ, ಕಾಯಿ ಎಲ್ಲಿಂದ ನಿಲ್ಲುತ್ತೆ?"

ನೆರೆಯವಳು ಕೈಯ ಮಣ್ಣು ಕೊಡವಿಕೊಂಡು ಹೊರಟುಹೋದಳು. ಅತ್ತೆ ಎದ್ದು ಬಂದು ಸೊಸೆಯ ಕೈಯಿಂದ ಪೈಪು ತೆಗೆದುಕೊಂಡರು. ಮುಖ ಮಾತ್ರ ಎತ್ತಲಿಲ್ಲ.

"ಬೆಳಿಗ್ಗೆ ಅವನೇ ಬಾಯಿಬಿಟ್ಟ," ಎಂದರು ಮೆಲ್ಲಗೆ. "ಎಷ್ಟು ಹೊತ್ತಿಂದ ನೆನೀತಾ ನಿಂತಿದೀಯೇ ಮಗಳೇ? ಈಚೆ ಬಾ."